ತುಪ್ಪ ತಿಂದರೆ ಕರುಳಿನ ಉರಿಯೂತ ಇಳಿಯುತ್ತದೆಯೇ?

ತುಪ್ಪದಲ್ಲಿ ಬ್ಯುಟಿರಿಕ್ ಆಮ್ಲ ಇರುವುದು ನಿಜ. ಹಾಲಿನ ಕೊಬ್ಬಿನ ತೂಕದಲ್ಲಿ ಸುಮಾರು ಶೇ. 3–4. ದೊಡ್ಡ ಕರುಳಿನ ಒಳಪದರದ ಜೀವಕೋಶಗಳಿಗೆ ಅದೇ ಮುಖ್ಯ ಇಂಧನ, ಉರಿಯೂತವನ್ನೂ ತಗ್ಗಿಸುತ್ತದೆ. ಆದರೆ ತಿಂದ ತುಪ್ಪದ ಬ್ಯುಟಿರಿಕ್ ಆಮ್ಲ ಬಹುಪಾಲು ಮೇಲೆಯೇ, ಸಣ್ಣ ಕರುಳು ದಾಟುವ ಮೊದಲೇ ರಕ್ತಕ್ಕೆ ಸೇರಿಬಿಡುತ್ತದೆ. ದೊಡ್ಡ ಕರುಳಿಗೆ ಬೇಕಾದ್ದನ್ನು ಅಲ್ಲಿನ ಬ್ಯಾಕ್ಟೀರಿಯಾಗಳೇ ನಾರಿನಂಶ ಹುದುಗಿಸಿ ತಯಾರಿಸುತ್ತವೆ. ಅಂದರೆ ಆ ಕೆಲಸ ರಾಗಿ, ಹುರುಳಿಕಾಳು, ಸೊಪ್ಪಿನದು. ಬಿಸಿ ಅನ್ನಕ್ಕೆ ತುಪ್ಪ ಹಾಕಿಕೊಳ್ಳಿ, ಔಷಧಿ ಅಂತ ಲೋಟದಲ್ಲಿ ಕುಡಿಯಬೇಡಿ.

ಇನ್ನೊಂದು ಮುಖವೂ ಇದೆ. 2012ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದ ಅಧ್ಯಯನದಲ್ಲಿ, ಹಾಲಿನ ಕೊಬ್ಬು ಹೆಚ್ಚು ತಿಂದ ಇಲಿಗಳ ಪಿತ್ತರಸ ಬದಲಾಗಿ ಬೈಲೋಫಿಲಾ ಎಂಬ ಬ್ಯಾಕ್ಟೀರಿಯಾ ಬೆಳೆಯಿತು. ಹುಟ್ಟಿನಿಂದಲೇ ಕೊಲೈಟಿಸ್‌ನತ್ತ (ದೊಡ್ಡ ಕರುಳಿನ ಉರಿಯೂತದತ್ತ) ವಾಲಿದ ಇಲಿಗಳಲ್ಲಿ ರೋಗ ಜೋರಾಯಿತು. ಇಲಿಯ ಫಲಿತಾಂಶ ಮನುಷ್ಯರಿಗೆ ನೇರವಾಗಿ ಅನ್ವಯಿಸದು, ಅಷ್ಟೇ.