ಗ್ಲಾಸಿನಲ್ಲಿ ನೀರು ಕಾಣದಿದ್ದಾಗ

ನಾನು ಆಪ್ತಸಲಹೆಗಾರ. ಡಿಸೆಂಬರಿನ ಒಂದು ಸಂಜೆ ಅಪ್ಪ, ಮಗ ನನ್ನ ಕೋಣೆಗೆ ಬಂದರು. ಇಬ್ಬರ ನಡುವೆ ಒಂದು ಕುರ್ಚಿ ಖಾಲಿ ಬಿಟ್ಟು ಕೂತರು. ಮಗನನ್ನು ಇಲ್ಲಿ ಮಹೇಶ ಎನ್ನೋಣ. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ಇಬ್ಬರನ್ನೂ ಕೇಳಿಯೇ ಬರೆಯುತ್ತಿದ್ದೇನೆ.

ಮಹೇಶನಿಗೆ ಇಪ್ಪತ್ತು ವರ್ಷ, ಮೆಕ್ಯಾನಿಕಲ್ ಡಿಪ್ಲೊಮಾದ ಕೊನೆಯ ವರ್ಷ. ಅಪ್ಪ ಬಾಗಲಕೋಟೆ ಕಡೆಯ ಒಂದು ಸಕ್ಕರೆ ಕಾರ್ಖಾನೆಯಲ್ಲಿ ಬಾಯ್ಲರ್ ಅಟೆಂಡೆಂಟ್, ಅಂದರೆ ನೀರು ಕಾಯಿಸಿ ಹಬೆ ಮಾಡುವ ಯಂತ್ರ ನೋಡಿಕೊಳ್ಳುವವರು. ಇಪ್ಪತ್ತನಾಲ್ಕು ಹಂಗಾಮು ಕಳೆದಿದ್ದಾರೆ. ಮಗನಿಗೂ ಬಾಯ್ಲರ್ ಕೆಲಸವೇ ಬೇಕು, ಆದರೆ ದೊಡ್ಡ ವಿದ್ಯುತ್ ಸ್ಥಾವರದಲ್ಲಿ. ಒಂದು ಖಾಸಗಿ ಸಂಸ್ಥೆ ಆರು ತಿಂಗಳ 'ಪವರ್ ಪ್ಲಾಂಟ್ ಆಪರೇಷನ್' ಕೋರ್ಸಿಗೆ 1,60,000 ರೂಪಾಯಿ ಕೇಳಿದೆ, ಕೆಲಸ ಗ್ಯಾರಂಟಿ ಎಂದಿದೆ. ಅಪ್ಪನಿಗೆ ಇದು ಸುತಾರಾಂ ಇಷ್ಟವಿಲ್ಲ. ಡಿಪ್ಲೊಮಾದವರ ಪ್ರವೇಶ ಪರೀಕ್ಷೆ ಡಿಸಿಇಟಿ ಬರೆದು ಬಿಇ ಎರಡನೇ ವರ್ಷಕ್ಕೆ ಸೇರಲಿ, ಆಮೇಲೆ ಬೆಂಗಳೂರಲ್ಲಿ ಎಸಿ ಕೋಣೆಯೊಳಗೆ ಕೂರಲಿ ಎಂಬುದು ಅವರ ಹಟ. ಮನೆಯಲ್ಲಿ ಎರಡು ತಿಂಗಳಿಂದ ಮಾತಿಲ್ಲ. ತಾಟು ಬೇರೆ, ಊಟದ ಹೊತ್ತು ಬೇರೆ.

"ಸರ್ರ, ಇವಗ ನೀವರ ಹೇಳ್ರಿ. ಬೆಂಕಿ ಮುಂದ ನಾ ಒಬ್ಬಾಂವ ನಿಂತದ್ದು ಸಾಕು" ಎಂದರು ಅಪ್ಪ. ಇನ್ನೇನು ಕೇಳಿದರೂ ಅದನ್ನೇ ಹೇಳಿದರು. ಇಂಥ ತಂದೆಯರನ್ನು ಬಹಳ ನೋಡಿದ್ದೇನೆ, ಮಗನ ಮೇಲೆ ತಮ್ಮ ಆಸೆ ಹೇರುವವರು ಎಂದುಕೊಂಡೆ. ನನ್ನ ಟಿಪ್ಪಣಿಯಲ್ಲಿ ಹಾಗೇ ಬರೆದೆ ಕೂಡ. ಅದು ತಪ್ಪಾಗಿತ್ತು.

ಎರಡನೇ ಭೇಟಿಗೆ ಅವರು ಎ ಶಿಫ್ಟ್ ಮುಗಿಸಿ ನೇರ ಬಂದಿದ್ದರು. ನಾನು ಅವರ ಎಡಕ್ಕೆ ಕೂತು ಏನೋ ಕೇಳಿದೆ. ಉತ್ತರ ಬರಲಿಲ್ಲ. ಸಿಟ್ಟು ಎಂದುಕೊಂಡೆ. ಮತ್ತೆ ಕೇಳಿದಾಗ ಇಡೀ ಮೈ ತಿರುಗಿಸಿ, ನನ್ನ ತುಟಿ ನೋಡಿದರು. ಆಗ ನಾನು ಮಾಡಬಾರದ್ದು ಮಾಡಿದೆ. ಮಗನ ಎದುರೇ, "ನಿಮಗೆ ಕಿವಿ ಸರಿಯಾಗಿ ಕೇಳಿಸುತ್ತಾ?" ಎಂದುಬಿಟ್ಟೆ. ಅವರೊಬ್ಬರೇ ಇದ್ದಾಗ ಕೇಳಬೇಕಿದ್ದ ಮಾತು ಅದು.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಎಡಗಡಿ ಕಿವಿ ಬಾಯ್ಲರ್ ಹೌಸಿನ್ಯಾಗ ಬಿಟ್ಟು ಬಂದೀನ್ರಿ. ಬಲಗಡೀದೂ ಅರ್ಧ ಹೋಗೇತಿ" ಎಂದರು. ಮಹೇಶ ಅಪ್ಪನ ಮುಖವನ್ನೇ ನೋಡುತ್ತಿದ್ದ. ಕರೆದರೂ ಓಗೊಡದ ಅಪ್ಪ, ಮಾರ್ಕ್ಸ್ ಕಾರ್ಡ್ ತೋರಿಸಿದಾಗ ಏನೂ ಅನ್ನದ ಅಪ್ಪ, ಇದೆಲ್ಲ ತಾತ್ಸಾರ ಅಂತಲೇ ಅವನು ತಿಳಿದಿದ್ದ. ಹೆಂಡತಿಗೂ ಪೂರ್ತಿ ಗೊತ್ತಿರಲಿಲ್ಲ. ಕಿವಿ ಹೋಗಿದೆ ಎಂದು ತಿಳಿದರೆ ಡ್ಯೂಟಿಯಿಂದ ತೆಗೆಯುತ್ತಾರೆ ಎಂಬ ಹೆದರಿಕೆಯಿಂದ ಏಳೆಂಟು ವರ್ಷ ಮುಚ್ಚಿಟ್ಟಿದ್ದರು.

ಮಾತು ಒಮ್ಮೆ ಹೊರಗೆ ಬಿದ್ದ ಮೇಲೆ ಮಿಕ್ಕದ್ದೂ ಬಂತು. 2017ರ ನವೆಂಬರ್ 1ರಂದು ಉತ್ತರ ಪ್ರದೇಶದ ಉಂಚಾಹಾರ್ ಸ್ಥಾವರದ ಬಾಯ್ಲರಿನಲ್ಲಿ ನಡೆದ ದುರಂತ ಕೆಲವರಿಗೆ ನೆನಪಿರಬಹುದು. ನಲವತ್ತಕ್ಕೂ ಹೆಚ್ಚು ಜನ ಸತ್ತರು. ಆ ಸುದ್ದಿ ನೋಡಿದ ರಾತ್ರಿ ಇವರಿಗೆ ಸಿ ಶಿಫ್ಟ್ ಇತ್ತು. ಬುತ್ತಿ ಬಿಚ್ಚದೆ ಹಾಗೇ ಮನೆಗೆ ವಾಪಸ್ ತಂದಿದ್ದರಂತೆ.

ಮಹೇಶ ಮೆಲ್ಲಗೆ, "ಈಗೆಲ್ಲ ಆಟೊಮ್ಯಾಟಿಕ್ ಇರ್ತದ ಅಪ್ಪಾ" ಎಂದ. ಅಪ್ಪನಿಗೆ ಕೇಳಿಸಲಿಲ್ಲ. ನಾನು ಖಾಲಿ ಕುರ್ಚಿ ತೋರಿಸಿದೆ. ಅವನು ಎದ್ದು ಬಂದು ಬಲಗಡೆ ಕೂತು ಇನ್ನೊಮ್ಮೆ ಹೇಳಿದ.

ಬಾಯ್ಲರಿನೊಳಗಿನ ನೀರಿನ ಮಟ್ಟ ತೋರಿಸುವ ಗಾಜಿಗೆ ಅಲ್ಲಿ ಗ್ಲಾಸ್ ಎನ್ನುತ್ತಾರೆ. ಅಪ್ಪ ಒಂದೇ ಪ್ರಶ್ನೆ ಹಾಕಿದರು: "ಗ್ಲಾಸಿನ್ಯಾಗ ನೀರ ಕಾಣವಲ್ದು. ಮೊದಲ ಏನ ಮಾಡ್ತಿ?"

"ಫೀಡ್ ಪಂಪ್ ಜೋರು ಮಾಡ್ತೀನಿ."

"ಹಂಗ ಮಾಡಿದ್ರ ನೀನೂ ಇರಂಗಿಲ್ಲ, ನಿನ್ನ ಬಾಜೂಕ ನಿಂತಾಂವನೂ ಇರಂಗಿಲ್ಲ. ಮೊದಲ ಬೆಂಕಿ ಕಡಿಬೇಕು."

ನೀರಿಲ್ಲದೆ ಕಾದು ಕೆಂಪಾದ ಟ್ಯೂಬಿಗೆ ಫೀಡ್ ಪಂಪಿನಿಂದ ನೀರು ಬಿಟ್ಟರೆ ಅದು ಒಂದೇ ಸಲಕ್ಕೆ ಹಬೆಯಾಗಿ ಹಿಗ್ಗುತ್ತದೆ, ಲೋಹ ತಡೆಯುವುದಿಲ್ಲ. ಹಾಗಾಗಿ ಮೊದಲು ಇಂಧನ ನಿಲ್ಲಿಸಬೇಕು. ಇದನ್ನು ಅಪ್ಪ ಮೇಜಿನ ಮೇಲೆ ಬೆರಳಲ್ಲಿ ಡ್ರಮ್, ಅಂದರೆ ನೀರಿನಿಂದ ಹಬೆ ಬೇರೆಯಾಗುವ ದೊಡ್ಡ ಪಾತ್ರೆ, ಬರೆದು ವಿವರಿಸಿದರು. ನಲವತ್ತು ನಿಮಿಷ ಇಬ್ಬರೂ ನನ್ನನ್ನು ಮರೆತೇಬಿಟ್ಟರು. ಆಪ್ತಸಲಹೆಗಾರನಿಗೆ ಅಂಥ ಹೊತ್ತಲ್ಲಿ ಬಾಯಿ ಮುಚ್ಚಿಕೊಂಡು ಇರುವುದೇ ಕೆಲಸ, ಚಹಾ ತರಿಸಿದ್ದು ಬಿಟ್ಟರೆ ನಾನು ಏನೂ ಮಾಡಲಿಲ್ಲ.

ಮೂರನೇ ಭೇಟಿಯಲ್ಲಿ ಸಲಹೆಯ ಮಾತು. ಮೊದಲು ಫೀಸಿನ ವಿಷಯ. ಆ ಸಂಸ್ಥೆಗೆ ನನ್ನ ಎದುರಿಗೇ ಫೋನ್ ಮಾಡಿಸಿದೆ. ನಿಮ್ಮ ಕೋರ್ಸು ಬಾಯ್ಲರ್ ಇಲಾಖೆಯ ಪರೀಕ್ಷೆಗೆ ಅನುಭವ ಎಂದು ಲೆಕ್ಕಕ್ಕೆ ಬರುತ್ತಾ? ಹೋದ ಬ್ಯಾಚಿನ ಮೂವರ ಜೊತೆ ಮಾತಾಡಿಸುತ್ತೀರಾ? ಕೆಲಸ ಸಿಗದಿದ್ದರೆ ದುಡ್ಡು ವಾಪಸ್ ಎಂದು ಬರೆದು ಕೊಡುತ್ತೀರಾ? ಮೂರಕ್ಕೂ "ಮೊದಲು ಸೀಟ್ ಬುಕ್ ಮಾಡಿ" ಎಂಬ ಒಂದೇ ಉತ್ತರ. ಮಹೇಶ ತಾನೇ ಫೋನ್ ಇಟ್ಟ.

ದಾರಿ ಎರಡಿವೆ, ಅವನ್ನು ಹುಡುಗರು ಕಲಸಿಕೊಳ್ಳುತ್ತಾರೆ. ಒಂದು ಬಾಯ್ಲರ್ ಸರ್ಟಿಫಿಕೇಟಿನ ದಾರಿ. ಬಾಯ್ಲರ್ ಮನೆಯಲ್ಲಿ ಕೆಲಸ ಮಾಡಿದ ಅನುಭವ ತೋರಿಸಿ ಸೆಕೆಂಡ್ ಕ್ಲಾಸ್ ಅಟೆಂಡೆಂಟ್ ಪರೀಕ್ಷೆ, ಆಮೇಲೆ ಫಸ್ಟ್ ಕ್ಲಾಸ್. ಡಿಪ್ಲೊಮಾ, ಡಿಗ್ರಿ ಇದ್ದವರು ಅನುಭವ ಕೂಡಿಸಿಕೊಂಡು ಬಾಯ್ಲರ್ ಆಪರೇಷನ್ ಎಂಜಿನಿಯರ್, ಅಂದರೆ ಬಿಒಇ, ಪರೀಕ್ಷೆಗೂ ಕೂರಬಹುದು. ಈ ಪರೀಕ್ಷೆಗಳು ಸರ್ಕಾರದವು. 1923ರ ಹಳೆಯ ಕಾಯ್ದೆಯ ಜಾಗಕ್ಕೆ 2025ರ ಬಾಯ್ಲರ್ ಕಾಯ್ದೆ ಬಂದಿದೆ. ಅದಕ್ಕೇ ಹಳೇ ಗೈಡ್ ನಂಬಬೇಡ, ಅರ್ಜಿಯ ನಿಯಮ ಇಲಾಖೆಯಲ್ಲೇ ಕೇಳು ಎಂದೆ.

ಇನ್ನೊಂದು ವಿದ್ಯುತ್ ಸ್ಥಾವರದ ದಾರಿ. ಅಲ್ಲಿ ಡಿಪ್ಲೊಮಾದ ಮೇಲೆ ಸ್ಥಾವರದ ತರಬೇತಿಯೂ ಬೇಕು. ಕೇಂದ್ರ ಸರ್ಕಾರದ ರಾಷ್ಟ್ರೀಯ ವಿದ್ಯುತ್ ತರಬೇತಿ ಸಂಸ್ಥೆ, ಎನ್‌ಪಿಟಿಐ, ಇಂಥ ಕೋರ್ಸು ನಡೆಸುತ್ತದೆ. ಅದರ ಒಂದು ಕೇಂದ್ರ ತಮಿಳುನಾಡಿನ ನೈವೇಲಿಯಲ್ಲಿದೆ. ಕಂಟ್ರೋಲ್ ರೂಮಿನಂಥದೇ ಸಿಮ್ಯುಲೇಟರ್ ಮುಂದೆ ಕೂರಿಸಿ ಯೂನಿಟ್, ಅಂದರೆ ಬಾಯ್ಲರ್, ಟರ್ಬೈನ್ ಸೇರಿದ ಒಂದು ಘಟಕ, ಎಬ್ಬಿಸುವುದು, ನಿಲ್ಲಿಸುವುದು ಕಲಿಸುತ್ತಾರೆ. ಫೀಸ್ ಕಡಿಮೆಯೇನಲ್ಲ, ಕೆಲಸದ ಗ್ಯಾರಂಟಿಯೂ ಅಲ್ಲ. ಆದರೆ ಅದರ ಕಾಗದಕ್ಕೆ ಬೆಲೆ ಇದೆ.

ಎಲ್ಲಕ್ಕಿಂತ ಮೊದಲು ಅಪ್ರೆಂಟಿಸ್ ಆಗು ಎಂದೆ. ಸ್ಟೈಪೆಂಡ್ ಬರುತ್ತದೆ, ಅನುಭವಕ್ಕೆ ಕಾಗದ ಸಿಗುತ್ತದೆ, ಮೈಗೆ ಶಾಖ ತಡೆಯುತ್ತದಾ ಎಂದೂ ಗೊತ್ತಾಗುತ್ತದೆ.

"ಸೋಲಾರ್ ಬಂದ ಮೇಲೆ ಕಲ್ಲಿದ್ದಲು ಇರ್ತದಾ ಸರ್?" ಎಂದು ಅವನೇ ಕೇಳಿದ. ಒಳ್ಳೆಯ ಪ್ರಶ್ನೆ. ಪಾವಗಡದ ಸೋಲಾರ್ ಪಾರ್ಕ್ ಒಂದೇ 2050 ಮೆಗಾವಾಟ್. ಶಕ್ತಿನಗರದಲ್ಲಿರುವ ಕಲ್ಲಿದ್ದಲಿನ ರಾಯಚೂರು ಸ್ಥಾವರದ ಎಂಟೂ ಯೂನಿಟ್ ಸೇರಿದರೆ 1720. ಮಳೆ ಚೆನ್ನಾಗಿ ಬಿದ್ದು ಬೇಡಿಕೆ ಇಳಿದಾಗ ಅಲ್ಲಿನ ಯೂನಿಟ್‌ಗಳನ್ನು ನಿಲ್ಲಿಸುವುದೂ ಉಂಟು. ಆದರೆ ಹೊತ್ತು ಮುಳುಗಿದ ಮೇಲೆ ಸೋಲಾರ್ ಇಲ್ಲ, ಆಗ ಉಷ್ಣ ಸ್ಥಾವರ ಲೋಡ್ ಏರಿಸಬೇಕು. ದಿನವೂ ಏರಿಸಿ ಇಳಿಸುವುದು ಒಂದೇ ಸಮ ಓಡಿಸುವುದಕ್ಕಿಂತ ನಾಜೂಕಿನ ಕೆಲಸ. ಹಾಗಂತ ಹೊಸ ಸ್ಥಾವರದ ಮೇಲೆಯೇ ಜೀವನ ಕಟ್ಟಬೇಡ ಎಂದೂ ಹೇಳಿದೆ. ಬಾಯ್ಲರ್ ಡೈರಿಯಲ್ಲೂ ಇದೆ, ಔಷಧ ಕಾರ್ಖಾನೆಯಲ್ಲೂ ಇದೆ, ಕಾಗದದ ಗಿರಣಿಯಲ್ಲೂ ಇದೆ. ಹಲವು ಕಡೆ ಕೆಲಸ ಗುತ್ತಿಗೆಯ ಮೇಲೆ. ಅದನ್ನೂ ಮುಚ್ಚಿಡಲಿಲ್ಲ.

ಅಪ್ಪ ಮಧ್ಯೆ ಬಾಯಿ ಹಾಕಿದರು: "ಯರಮರಸ್ದಾಗ ಡ್ರಮ್ಮ ಇಲ್ಲಂತಲ್ರಿ?" ನಿಜ. ರಾಯಚೂರಿನ ಹತ್ತಿರದ ಯರಮರಸ್ ಸ್ಥಾವರದ 800 ಮೆಗಾವಾಟ್ ಯೂನಿಟ್‌ಗಳು ಸೂಪರ್‌ಕ್ರಿಟಿಕಲ್. ಸುಮಾರು 221 ಬಾರ್ ಒತ್ತಡ, 374 ಡಿಗ್ರಿ ದಾಟಿದ ಮೇಲೆ ನೀರು ಯಾವುದು, ಹಬೆ ಯಾವುದು ಎಂದು ಬೇರೆ ಮಾಡಲು ಆಗುವುದಿಲ್ಲ. ಬೇರೆ ಮಾಡುವ ಡ್ರಮ್ ಬೇಡ, ನೀರಿನ ಮಟ್ಟ ನೋಡುವ ಗ್ಲಾಸೂ ಬೇಡ. ಅಪ್ಪನಿಗೆ ಅದು ನಂಬಲಾಗದ ಮಾತು. "ಗ್ಲಾಸ್ ನೋಡಲಾರದ ಬಾಯ್ಲರ್ ಹ್ಯಾಂಗ ಓಡಸ್ತಾರ?" ಎಂದು ಎರಡು ಸಲ ಕೇಳಿದರು. ಮಗ ವಿವರಿಸಿದ, ಬಲಗಿವಿಯ ಹತ್ತಿರ, ಜೋರಾಗಿ.

ಮಗನಿಗೆ ಒಂದು ಕೆಲಸ ಕೊಟ್ಟೆ. ಕಾರ್ಖಾನೆಯವರ ಅನುಮತಿ ಪಡೆದು ಮೂರು ರಾತ್ರಿ ಅಪ್ಪನ ಜೊತೆ ಸಿ ಶಿಫ್ಟಿಗೆ ಹೋಗು, ಕಂಡದ್ದನ್ನು ಬರೆ. ನೋಟ್‌ಬುಕ್ ತಂದು ತೋರಿಸಿದ. ಮೊದಲ ರಾತ್ರಿ ಪೂರ್ತಿ ಒತ್ತಡ, ಉಷ್ಣತೆಯ ಅಂಕಿಗಳೇ. ಮೂರನೇ ರಾತ್ರಿಯ ಪುಟದಲ್ಲಿ ನಾಲ್ಕೇ ಸಾಲು: "ಮೂರು ಗಂಟೆಗೆ ಎಲ್ಲರಿಗೂ ತೂಕಡಿಕೆ. ಅಪ್ಪ ಫೀಡ್ ಪಂಪಿನ ಮೇಲೆ ಅಂಗೈ ಇಟ್ಟು ನಿಂತಿದ್ದರು. ಬೇರಿಂಗ್ ಹಾಳಾದರೆ ಬೇರೆಯವರಿಗೆ ಶಬ್ದದಲ್ಲಿ ತಿಳಿಯುತ್ತದೆ. ಅಪ್ಪ ಕೈಯಲ್ಲಿ ಕೇಳುತ್ತಾರೆ."

ಅಪ್ಪನಿಗೆ ಹೇಳಿದ್ದು ಬೇರೆ. ಕಿವಿ ಪರೀಕ್ಷೆ ಮಾಡಿಸಿ. ಗದ್ದಲದಿಂದ ಹೋದ ಕಿವಿ ಮತ್ತೆ ಬರುವುದಿಲ್ಲ, ಉಳಿದದ್ದನ್ನು ಉಳಿಸಿಕೊಳ್ಳಬಹುದು. ಎಂಟು ಗಂಟೆಯ ಪಾಳಿಗೆ 90 ಡೆಸಿಬಲ್ ಮಿತಿ. ಗದ್ದಲದಿಂದ ಬರುವ ಕಿವುಡು ಕೆಲಸದಿಂದ ಬರುವ ರೋಗಗಳ ಕಾನೂನಿನ ಪಟ್ಟಿಯಲ್ಲೇ ಇದೆ, ನಿಮ್ಮ ತಪ್ಪಲ್ಲ. ಅಲಾರಂ ಕೇಳಿಸದೆ ಬಾಯ್ಲರ್ ನೋಡಿಕೊಳ್ಳುವುದು ನಿಮಗಷ್ಟೇ ಅಲ್ಲ, ಪಾಳಿಯ ಎಲ್ಲರಿಗೂ ಅಪಾಯ ಎಂದು ಖಾರವಾಗಿಯೇ ಹೇಳಿದೆ. ಅವರು ತಲೆ ತಗ್ಗಿಸಿದರು. ಆಸ್ಪತ್ರೆಗೆ ಚೀಟಿ ಬರೆದುಕೊಟ್ಟೆ.

ಮಹೇಶ ಈಗ ಒಂದು ಕಾಗದ ಕಾರ್ಖಾನೆಯ ಬಾಯ್ಲರ್ ಮನೆಯಲ್ಲಿ ಅಪ್ರೆಂಟಿಸ್. ಎನ್‌ಪಿಟಿಐ ಮಾತು ಒಂದು ವರ್ಷ ಮುಂದಕ್ಕೆ ಹೋಗಿದೆ. ಡಿಸಿಇಟಿಯನ್ನೂ ಬರೆದ, ಅಪ್ಪನ ಸಲುವಾಗಿ. ರ‍್ಯಾಂಕ್ ಬಂದರೂ ಸೇರಲಿಲ್ಲ. ಮೊನ್ನೆ ಫೋನ್ ಮಾಡಿದ್ದ. ರಾತ್ರಿ ಪಾಳಿಯ ಮೇಲೆ ಹಗಲು ನಿದ್ದೆ ಬರುತ್ತಿಲ್ಲ, ಕೋಣೆಗೆ ತಗಡಿನ ಚಾವಣಿ. ಕಿಟಕಿಗೆ ದಪ್ಪ ಕಪ್ಪು ಬಟ್ಟೆ ಕಟ್ಟು, ಬೆಳಗಿನ ಜಾವ ಚಹಾ ಕುಡಿಯಬೇಡ, ಆಗದಿದ್ದರೆ ಕೋಣೆ ಬದಲಿಸು ಎಂದೆ. ಕಿವಿಗೆ ಇಯರ್ ಪ್ಲಗ್ ಹಾಕುತ್ತೀಯಾ ಎಂದು ಕೇಳಿದೆ. ಹಾಕುತ್ತೇನೆ, ಅಪ್ಪ ವಾರಕ್ಕೊಮ್ಮೆ ಫೋನಲ್ಲಿ ಅದೊಂದನ್ನೇ ಕೇಳುತ್ತಾರೆ ಎಂದ.

ಅಪ್ಪನನ್ನು ಅಟೆಂಡೆಂಟ್ ಕೆಲಸದಿಂದ ನೀರು ಶುದ್ಧಿ ಮಾಡುವ ವಿಭಾಗಕ್ಕೆ ಹಾಕಿದ್ದಾರೆ. ಸಂಬಳ ಅಷ್ಟೇ ಇದೆ, ಓವರ್‌ಟೈಮ್ ಹೋಗಿದೆ. ಕಿವಿಯ ಮಷಿನ್ ಬಂದಿದೆ, ಆದರೆ ಡಬ್ಬಿಯ ಸಮೇತ ದೇವರ ಜಗಲಿಯ ಮೇಲೆ ಇದೆ. ಒಮ್ಮೆ ಕರೆದುಕೊಂಡು ಬಾ ಎಂದಿದ್ದೇನೆ. ಇನ್ನೂ ಬಂದಿಲ್ಲ.