ಹೊಸ ಫಿಲ್ಟರ್ ಹಾಕಿದ್ಮೇಲೆ ಆಯಿಲ್ ಸೋರ್ತಿದೆ, ಇನ್ನೂ ಟೈಟ್ ಮಾಡ್ಲಾ?

ಪ್ರಶ್ನೆ: ನಮಸ್ಕಾರ ಸರ್. ಮೊದಲನೇ ಸಲ ಮನೇಲೇ ಕಾರಿನ ಆಯಿಲ್ ಫಿಲ್ಟರ್ ಚೇಂಜ್ ಮಾಡ್ದೆ. ಡಬ್ಬಿ ಥರದ್ದು, ತಿರುಗಿಸಿ ಹಾಕೋದು. ಹಳೇದು ಬಿಚ್ಚೋಕೆ ಸಾಕುಸಾಕಾಯ್ತು. ಸ್ಟಾರ್ಟ್ ಮಾಡಿ ಒಂದು ನಿಮಿಷ ಆಗಿಲ್ಲ, ಫಿಲ್ಟರ್ ಸುತ್ತ ಆಯಿಲ್ ಸುರಿಯೋಕೆ ಶುರು, ತಕ್ಷಣ ಆಫ್ ಮಾಡ್ದೆ. ಪಾನಾ ಹಾಕಿ ಇನ್ನೂ ಟೈಟ್ ಮಾಡ್ಲಾ?

ಉತ್ತರ: ಬೇಡ, ದಯವಿಟ್ಟು ಟೈಟ್ ಮಾಡ್ಬೇಡಿ, ಮತ್ತೆ ಸ್ಟಾರ್ಟೂ ಮಾಡ್ಬೇಡಿ. ತಕ್ಷಣ ಆಫ್ ಮಾಡಿದ್ದು ತುಂಬಾ ಒಳ್ಳೇದಾಯ್ತು, ಹಂಗೇ ಓಡಿಸಿದ್ರೆ ಆಯಿಲ್ ಖಾಲಿಯಾಗಿ ಎಂಜಿನ್ನೇ ಹೋಗ್ತಿತ್ತು. ಬಿಚ್ಚಿದ ಹಳೇ ಫಿಲ್ಟರ್ ಇನ್ನೂ ಬಿಸಾಕಿಲ್ಲ ತಾನೆ? ಅದರ ಬಾಯಿ ನೋಡಿ. ಅಂಚಲ್ಲಿ ಕಪ್ಪು ರಬ್ಬರ್ ರಿಂಗ್ ಇಲ್ಲ ಅಂದ್ರೆ ಅದು ಎಂಜಿನ್ನಿಗೇ ಅಂಟ್ಕೊಂಡಿದೆ, ನೀವು ಅದರ ಮೇಲೇ ಹೊಸ ರಿಂಗ್ ಕೂರಿಸಿದೀರ. ಒಂದರ ಮೇಲೊಂದು ರಬ್ಬರ್ ಕೂತ್ರೆ ಕೈಗೆ ಟೈಟ್ ಅನ್ಸುತ್ತೆ ನಿಜ, ಆದ್ರೆ ಪಂಪು ಒತ್ತಡದಲ್ಲಿ ಆಯಿಲ್ ತಳ್ಳಿದ ತಕ್ಷಣ ಜಾರಿಬಿಡುತ್ತೆ. ಹಳೇದು ಬಿಚ್ಚೋಕೆ ಅಷ್ಟು ಕಷ್ಟ ಆಯ್ತು ಅಂದಿದೀರಲ್ಲ, ಅದಕ್ಕೇ ನನಗೆ ಮೊದಲು ಇದರ ಮೇಲೇ ಅನುಮಾನ.

ಕೆಳಗೆ ಪಾತ್ರೆ ಇಟ್ಟು ಹೊಸ ಫಿಲ್ಟರ್ ಬಿಚ್ಚಿ. ಕಾರನ್ನ ಬರೀ ಜ್ಯಾಕ್ ಮೇಲೆ ನಿಲ್ಸಿ ಅಡಿಗೆ ಹೋಗ್ಬೇಡಿ, ಸ್ಟ್ಯಾಂಡ್ ಕೊಡ್ಲೇಬೇಕು, ಇದ್ರಲ್ಲಿ ರಾಜಿನೇ ಇಲ್ಲ. ಎಂಜಿನ್ ಕಡೆ ಫಿಲ್ಟರ್ ಕೂರೋ ಜಾಗ ಬಟ್ಟೇಲಿ ಒರೆಸಿ ಟಾರ್ಚ್ ಬಿಟ್ಟು ನೋಡಿ. ಹಳೇ ರಿಂಗ್ ಕಾದು ಚಪ್ಪಟೆಯಾಗಿ, ಆಯಿಲ್ ಮೆತ್ಕೊಂಡು ಲೋಹದ ಥರಾನೇ ಕಾಣುತ್ತೆ, ಬರೀ ಕಣ್ಣು ನಂಬಬೇಡಿ, ಉಗುರಲ್ಲಿ ಸುತ್ತಲೂ ಕೆರೆದು ನೋಡಿ, ಇದ್ರೆ ಒಂದು ಕಡೆ ಎದ್ದು ಬರುತ್ತೆ. ಸ್ಕ್ರೂಡ್ರೈವರಲ್ಲಿ ಕೆರೆಯೋಕೆ ಹೋಗ್ಬೇಡಿ, ಆ ಮುಖದ ಮೇಲೆ ಗೀರು ಬಿದ್ರೆ ಅಲ್ಲಿಂದಾನೇ ಸೋರುತ್ತೆ.

ಆಮೇಲೆ ಹೊಸ ಫಿಲ್ಟರಿನ ರಿಂಗ್ ನೋಡಿ. ಕಿತ್ತಿದ್ರೆ, ತಿರುಚ್ಕೊಂಡಿದ್ರೆ ಬೇರೆ ಫಿಲ್ಟರೇ ತನ್ನಿ. ಚೆನ್ನಾಗಿದ್ರೆ ಬೆರಳಲ್ಲಿ ಸ್ವಲ್ಪ ಹೊಸ ಆಯಿಲ್ ಸವರಿ, ಒಣ ರಬ್ಬರ್ ತಿರುಗುವಾಗ ಹಿಡ್ಕೊಂಡು ಮಡಚಿಕೊಳ್ಳುತ್ತೆ. ಕೈಯಲ್ಲೇ ತಿರುಗಿಸಿ, ರಬ್ಬರ್ ತಾಗಿದ್ದು ಗೊತ್ತಾದ್ಮೇಲೆ ಸಾಮಾನ್ಯವಾಗಿ ಮುಕ್ಕಾಲು ಸುತ್ತು ಸಾಕು, ನಿಮ್ಮ ಫಿಲ್ಟರ್ ಮೇಲೆ ಬೇರೆ ಲೆಕ್ಕ ಬರೆದಿದ್ರೆ ಅದೇ ಸರಿ. ಪಾನಾ ಬಿಚ್ಚೋಕೆ ಮಾತ್ರ ಇರ್ಲಿ.

ಸೋರಿಹೋಗಿರೋ ಆಯಿಲನ್ನ ಡಿಪ್‌ಸ್ಟಿಕ್ (ಆಯಿಲ್ ಮಟ್ಟ ನೋಡೋ ಕಡ್ಡಿ) ನೋಡ್ಕೊಂಡು ಮೊದಲೇ ತುಂಬಿಸಿ. ಸ್ಟಾರ್ಟ್ ಮಾಡಿದ್ಮೇಲೆ ಕೆಂಪು ಆಯಿಲ್ ಲೈಟ್ ಕೆಲವೇ ಸೆಕೆಂಡಲ್ಲಿ ಆರ್ಬೇಕು, ಆರ್ಲಿಲ್ಲ ಅಂದ್ರೆ ಆಫ್ ಮಾಡಿ. ಆಕ್ಸಿಲರೇಟರ್ ಒತ್ತದೆ ಎರಡು ಮೂರು ನಿಮಿಷ ಬಿಟ್ಟು ಫಿಲ್ಟರ್ ಸುತ್ತ, ಹಂಗೇ ಡ್ರೈನ್ ಬೋಲ್ಟ್ (ಹಳೇ ಆಯಿಲ್ ಇಳಿಸೋಕೆ ಅಡಿಯಲ್ಲಿ ಬಿಚ್ಚೋ ಬೋಲ್ಟ್) ಹತ್ರಾನೂ ನೋಡಿ. ಆಫ್ ಮಾಡಿ ಐದು ನಿಮಿಷ ಆದ್ಮೇಲೆ ಮತ್ತೆ ಡಿಪ್‌ಸ್ಟಿಕ್, ಫಿಲ್ಟರ್ ಒಳಗೆ ಆಯಿಲ್ ತುಂಬ್ಕೊಳ್ಳೋದ್ರಿಂದ ಮಟ್ಟ ಸ್ವಲ್ಪ ಇಳಿದಿರುತ್ತೆ, ಅಷ್ಟು ಹಾಕಿ.

ನೆಲದ ಮೇಲೆ ಚೆಲ್ಲಿರೋದಕ್ಕೆ ಮರಳು ಇಲ್ಲ ಮರದ ಪುಡಿ ಹಾಕಿ ಗುಡಿಸಿ ತೆಗೀರಿ, ನೀರು ಬಿಟ್ಟು ಚರಂಡಿಗೆ ತೊಳೀಬೇಡಿ.