ಓದುಗರ ಪ್ರಶ್ನೆ: ಬಾಗಿಲಿಗೆ ಬಂದ ಕ್ರಿಸ್ತ

ಪ್ರಶ್ನೆ: "ಎದುರಿಗಿರುವವರಲ್ಲಿ ಕ್ರಿಸ್ತನನ್ನು ಕಾಣಿ" ಎಂದು ಗುರುಗಳು ಪ್ರಬೋಧನೆಯಲ್ಲಿ ಹೇಳುತ್ತಿರುತ್ತಾರೆ. ಹೊತ್ತಲ್ಲದ ಹೊತ್ತಿನಲ್ಲಿ ಬರುವ ನೆಂಟರನ್ನು ಕಂಡರೆ ನನಗೆ ಸಿಡುಕು ಬರುತ್ತದೆಯೇ ಹೊರತು ಕ್ರಿಸ್ತ ಕಾಣುವುದಿಲ್ಲ. ರೂಢಿಸಿಕೊಳ್ಳುವ ದಾರಿ ಇದೆಯೆ?
— ಗೃಹಿಣಿ, ಹಾಸನ

ಉತ್ತರ: ಕಾಣಲೇಬೇಕೆಂಬ ಹಟ ಮೊದಲು ಬಿಡಿ. ಮತ್ತಾಯನ ಶುಭಸಂದೇಶದ 25ನೇ ಅಧ್ಯಾಯದಲ್ಲಿ "ಹಸಿದಿದ್ದ ನನಗೆ ಉಣಬಡಿಸಿದಿರಿ" ಎಂದು ಕ್ರಿಸ್ತ ಹೇಳಿದಾಗ, ಹಸಿದವರಿಗೆ ಉಣಬಡಿಸಿದವರೇ "ಪ್ರಭೂ, ನಿನ್ನನ್ನು ಯಾವಾಗ ನೋಡಿದೆವು?" ಎಂದು ಕೇಳುತ್ತಾರೆ. ಬಡಿಸದೆ ಹೋದವರ ಪ್ರಶ್ನೆಯೂ ಅದೇ. ಕ್ರಿಸ್ತ ಇಬ್ಬರಿಗೂ ಕಂಡಿರಲಿಲ್ಲ. ಒಬ್ಬರು ಕೊಟ್ಟರು, ಇನ್ನೊಬ್ಬರು ಕೊಡಲಿಲ್ಲ, ಅಷ್ಟೇ.

ಆರನೇ ಶತಮಾನದಲ್ಲಿ ಇಟಲಿಯ ಸಂತ ಬೆನೆಡಿಕ್ಟರು ತಮ್ಮ ಸನ್ಯಾಸಿಗಳಿಗೆ 73 ಅಧ್ಯಾಯಗಳ ನಿಯಮ ಬರೆದರು. ಅದರಲ್ಲಿ 53ನೆಯದು ಅತಿಥಿಗಳ ವಿಚಾರ. ಬಂದವರನ್ನೆಲ್ಲ ಕ್ರಿಸ್ತನೆಂದೇ ಬರಮಾಡಿಕೊಳ್ಳಿ ಎಂದಷ್ಟೇ ಹೇಳಿ ಅವರು ಕೈತೊಳೆದುಕೊಳ್ಳುವುದಿಲ್ಲ, ಕ್ರಮವನ್ನೂ ಹಾಕಿಕೊಡುತ್ತಾರೆ. ಸುದ್ದಿ ತಿಳಿದೊಡನೆ ಎದುರು ಹೋಗಬೇಕು. ಮೊದಲು ಜೊತೆಯಾಗಿ ಪ್ರಾರ್ಥನೆ, ಅದಾದ ಮೇಲೆಯೇ ಶಾಂತಿಯ ಮುತ್ತು. ಬಂದಾಗಲೂ ಹೊರಡುವಾಗಲೂ ತಲೆಬಾಗಬೇಕು, ಇಲ್ಲವೇ ಅಡ್ಡಬೀಳಬೇಕು. ಕೈಗೆ ನೀರು ಹಾಕುವುದು ಮಠಾಧಿಪತಿಯ ಕೆಲಸ. ಕಾಲು ತೊಳೆಯಲು ಅವರ ಜೊತೆ ಇಡೀ ಮಠವೇ ಸೇರಬೇಕು. ವಿಶೇಷ ಉಪವಾಸದ ದಿನವಲ್ಲದಿದ್ದರೆ ಅತಿಥಿಗೋಸ್ಕರ ಮಠದ ಮುಖ್ಯಸ್ಥರು ಅಂದಿನ ಉಪವಾಸ ಮುರಿಯಬಹುದು, ಉಳಿದವರು ಮುರಿಯುವಂತಿಲ್ಲ. (ಕಾಲಿಗೆ ನೀರು ಕೊಡುವ ನಮ್ಮ ಹಳ್ಳಿಗಳಿಗೆ ಇದರಲ್ಲಿ ಅರ್ಧ ಗೊತ್ತಿರುವುದೇ.)

ಎಲ್ಲರೂ ಎಡವುವ ಜಾಗ ಒಂದಿದೆ: ಕಾರಿನಲ್ಲಿ ಇಳಿದವರಲ್ಲಿ ಕ್ರಿಸ್ತ ಬೇಗ ಕಾಣುತ್ತಾನೆ! ಬೆನೆಡಿಕ್ಟರಿಗೆ ಇದು ಗೊತ್ತಿತ್ತು. ಸಿರಿವಂತರಿಗೆ ಅವರ ಬಗೆಗಿನ ಅಳುಕಿನಿಂದಲೇ ಮರ್ಯಾದೆ ಸಿಗುತ್ತದೆ, ನೀವು ಬಡವರನ್ನೂ ಯಾತ್ರಿಕರನ್ನೂ ಹೆಚ್ಚಾಗಿ ನೋಡಿಕೊಳ್ಳಿ ಎನ್ನುತ್ತಾರೆ.

ನಿಮ್ಮ ಮನೆಗೆ 66ನೇ ಅಧ್ಯಾಯದ ಒಂದು ಸಾಲು ಸಾಕು. ಯಾರಾದರೂ ಕದ ತಟ್ಟಿದೊಡನೆ ಬಾಗಿಲು ಕಾಯುವ ವೃದ್ಧ ಸನ್ಯಾಸಿ "ದೇವರಿಗೆ ಸ್ತೋತ್ರ" ಎನ್ನಬೇಕು. ಬಂದವರು ಯಾರು ಎಂಬುದು ಆಮೇಲಿನ ಮಾತು. ನೀವೂ ಕರೆಗಂಟೆ ಕೇಳಿದಾಗ ಅದನ್ನು ಹೇಳಿಯೇ ಚಿಲಕ ತೆಗೆಯಿರಿ, ಆಮೇಲೆ ನೀರು ಕೊಡಿ. ಸಿಡುಕು ಹೋಗಲಿ ಎಂದು ಕಾಯುತ್ತ ನಿಂತರೆ ನೆಂಟರು ಹೊರಗೇ ಉಳಿಯುತ್ತಾರೆ. ಕೊಡಲು ಏನೂ ಇಲ್ಲದಿದ್ದರೆ ಒಂದು ಒಳ್ಳೆಯ ಮಾತನ್ನಾದರೂ ಕೊಡಬೇಕೆಂದು ಉಗ್ರಾಣದವನಿಗೆ ಅದೇ ನಿಯಮ ಹೇಳುತ್ತದೆ.

ಪ್ರಶ್ನೆ: ಹಾಗಾದರೆ ಕ್ರೈಸ್ತರೂ "ಅಹಂ ಬ್ರಹ್ಮಾಸ್ಮಿ" ಎಂದಂತಾಯಿತಲ್ಲ?
— ವಿದ್ಯಾರ್ಥಿ, ಧಾರವಾಡ

ಉತ್ತರ: ಆಗುವುದಿಲ್ಲ. ಆದಿಕಾಂಡ 1:27ರ ಪ್ರಕಾರ ಮನುಷ್ಯ ದೇವರ ಸ್ವರೂಪದಲ್ಲಿ ಸೃಷ್ಟಿಯಾದವನು, ಸೃಷ್ಟಿಯಾದದ್ದು ಸೃಷ್ಟಿಕರ್ತನಾಗುವುದಿಲ್ಲ. ಮಠದವರು ತಲೆಬಾಗುವುದೂ ಅತಿಥಿಯಲ್ಲಿ ಬರಮಾಡಿಕೊಳ್ಳುವ ಕ್ರಿಸ್ತನಿಗೆ. ಆದರೆ ಆ ಸ್ವರೂಪದ ಬೆಲೆ ಸಣ್ಣದಲ್ಲ: ದೇವರನ್ನು ಕೊಂಡಾಡುವ ನಾಲಿಗೆಯಿಂದಲೇ ಆತನ ಹೋಲಿಕೆಯ ಮನುಷ್ಯರನ್ನು ಶಪಿಸುವುದು ಸಲ್ಲದು ಎಂದು ಯಾಕೋಬನ ಪತ್ರದ 3ನೇ ಅಧ್ಯಾಯ ಗದರುತ್ತದೆ.

ಪ್ರಶ್ನೆ: ಹಾಸಿಗೆ ಹಿಡಿದ ಅತ್ತೆಯ ಸೇವೆ ಎರಡು ವರ್ಷದಿಂದ ನನ್ನೊಬ್ಬಳದೇ. "ಅವರಲ್ಲಿ ಕ್ರಿಸ್ತನನ್ನು ಕಾಣು" ಎಂದು ಮನೆಯವರ ಉಪದೇಶ. ನನಗೆ ಸಾಕಾಗಿದೆ. ಇದು ಪಾಪವೆ?
— ಹೆಸರು ಬೇಡ, ಮಂಗಳೂರು

ಉತ್ತರ: ಸಾಕಾಗುವುದು ಪಾಪವಲ್ಲ. ನಿಮ್ಮೊಬ್ಬರ ಮೇಲೆ ಹೊರಿಸಿ ಉಪದೇಶ ಮಾಡುತ್ತಿರುವವರು ಯೋಚಿಸಬೇಕು. ರೋಗಿಗಳನ್ನು ಕ್ರಿಸ್ತನೆಂದೇ ಸೇವಿಸಿ ಎನ್ನುವ, ಬೆನೆಡಿಕ್ಟರ ನಿಯಮದ 36ನೇ ಅಧ್ಯಾಯವೇ ಅವರಿಗೆ ಬೇರೆ ಕೋಣೆ, ಮುತುವರ್ಜಿಯ ಸೇವಕ, ಅಗತ್ಯವಿದ್ದಾಗಲೆಲ್ಲ ಸ್ನಾನ ಎಂದು ಏರ್ಪಾಡು ಮಾಡುತ್ತದೆ; ಅತಿಯಾಗಿ ಕೇಳಿ ಸೇವೆಯವರನ್ನು ನೋಯಿಸಬೇಡಿ ಎಂದು ರೋಗಿಗಳಿಗೂ ಹೇಳುತ್ತದೆ. ಇನ್ನು 35ನೇ ಅಧ್ಯಾಯದಲ್ಲಿ ಅಡುಗೆಯ ಸರದಿ ವಾರ ವಾರ ಬದಲಾಗುತ್ತದೆ, ಕೈಲಾಗದವರಿಗೆ ಜೊತೆಗಾರರು ಸಿಗುತ್ತಾರೆ. ಬಡಿಸುವವರಿಗೆ ಊಟಕ್ಕೆ ಒಂದು ಗಂಟೆ ಮುಂಚೆ, ಪಾಲಿಗಿಂತ ಹೆಚ್ಚಾಗಿ, ರೊಟ್ಟಿಯೂ ಕುಡಿಯಲೂ ಸಿಗುತ್ತದೆ. ಯಾಕೆಂದರೆ ಹಸಿದವರು ಗೊಣಗುತ್ತಾರೆ.

ಒಂದು ಹಾಳೆಯಲ್ಲಿ ವಾರದ ಏಳು ಹಗಲು, ಏಳು ರಾತ್ರಿ ಬರೆದು ಮನೆಯವರ ಮುಂದಿಡಿ. ಪ್ರತಿಯೊಂದರ ಎದುರೂ ಒಂದು ಹೆಸರಿರಲಿ, ಎಲ್ಲವೂ ನಿಮ್ಮದಾಗದಿರಲಿ. ರಾತ್ರಿಯದೇ ಮುಖ್ಯ: ಹುಣ್ಣಾಗದಂತೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಲು ಒಬ್ಬರೇ ಏಳುತ್ತಿದ್ದರೆ ನಿದ್ದೆಯೇ ಇರುವುದಿಲ್ಲ. ಗಂಡುಮಕ್ಕಳ ಹೆಸರೂ ಅದರಲ್ಲಿರಲಿ. ಅತ್ತೆಗೆ ಉಣಿಸುವ ಮೊದಲು ನೀವು ಉಣ್ಣಿ.